ಮೂಲೆಮನೆಯ ಹಾಲು ಮತ್ತು ಕೆಂಪು ಲಿಟ್ಮಸ್

ನಮ್ಮೂರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಮೇಜಿಗೆ ಕಡಪಾ ಕಲ್ಲಿನ ಹಾಸು. ಅದರ ಬಲ ತುದಿಯಲ್ಲಿ ಅಂಗೈಯಗಲದ ಒಂದು ಬಿಳಿಚಿದ ಕಲೆಯಿದೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಕೈಯಿಂದ ಆ್ಯಸಿಡ್ ಚೆಲ್ಲಿ ಆದದ್ದು. ಕಲ್ಲಿನ ಮೇಲೆ ಬುಸ್ಸೆಂದು ನೊರೆ ಉಕ್ಕಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಅಪ್ಪ ಬಕೆಟ್ಟಿನ ನೀರು ಸುರಿದು, ನನ್ನ ಕಡೆ ತಿರುಗಿ, ಮನೆಯಲ್ಲಿ ಹೇಳಬೇಡ ಎಂದು ಸನ್ನೆ ಮಾಡಿದ. ನಾನು ಹೇಳಲಿಲ್ಲ. ಆ ಕಲೆ ಅಪ್ಪನಿಗೂ ನನಗೂ ಮಾತ್ರ ಸೇರಿದ್ದು ಎಂದು ತುಂಬ ವರ್ಷ ಅಂದುಕೊಂಡಿದ್ದೆ. ಈಗ ಅದರ ಮೇಲೆ ನಮ್ಮ ಅತ್ತಿಗೆ ತನ್ನ ಮೊಬೈಲ್ ಇಟ್ಟುಕೊಳ್ಳುತ್ತಾಳೆ.

ನಮ್ಮೂರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಅಪ್ಪ ಇಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಲಿನ ಟೆಸ್ಟರ್ ಆಗಿದ್ದ. ಈಗಿನ ಮೆಷಿನ್ ಬರುವ ಮೊದಲು ಫ್ಯಾಟ್ ನೋಡಬೇಕೆಂದರೆ ಸಣ್ಣ ಕತ್ತಿನ ಗಾಜಿನ ಕೊಳವೆಗೆ ಮೊದಲು ಸಲ್ಫ್ಯೂರಿಕ್ ಆ್ಯಸಿಡ್, ಅದರ ಮೇಲೆ ಹಾಲು, ಕೊನೆಗೆ ಒಂದಿಷ್ಟು ಆಲ್ಕೋಹಾಲ್ ಬಿಟ್ಟು, ಬಿರಡೆ ಬಿಗಿದು ಅಲ್ಲಾಡಿಸಬೇಕಿತ್ತು. ಕೊಳವೆ ಕೈ ಸುಡುವಷ್ಟು ಕಾಯುತ್ತಿತ್ತು, ಹಾಲು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತಿತ್ತು. ಅಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದುಕೊಳ್ಳುತ್ತಿದ್ದ. ಆಮೇಲೆ ಕೈಹಿಡಿ ಇರುವ ಒಂದು ಯಂತ್ರದಲ್ಲಿ ಕೊಳವೆಗಳನ್ನು ಜೋಡಿಸಿ ತಿರುಗಿಸಿದರೆ ಕೊಬ್ಬು ಮೇಲೆ ಬಂದು ಕತ್ತಿನಲ್ಲಿ ಹಳದಿ ಕಡ್ಡಿಯಂತೆ ನಿಲ್ಲುತ್ತಿತ್ತು. ಅಪ್ಪನ ಅಂಗಿಗಳಿಗೆಲ್ಲ ಹೊಟ್ಟೆಯ ಮಟ್ಟದಲ್ಲಿ ಸಾಸಿವೆ ಗಾತ್ರದ ತೂತುಗಳಿದ್ದವು. ಮದುವೆ ಮನೆಗಳಲ್ಲಿ ಆ ತೂತುಗಳನ್ನು ನೋಡಿಯೇ ಅಪ್ಪನನ್ನು ಗುರುತು ಹಿಡಿಯುತ್ತಿದ್ದೆ.

ಅಪ್ಪ ಓದಿದ್ದು ಏಳನೇ ಕ್ಲಾಸು. ಹಾಲಿನ ಕ್ಯಾನುಗಳನ್ನು ತೊಳೆಯುವವರಿಗೆ ಅವನು ಎರಡು ಮಾತು ಹೇಳುತ್ತಿದ್ದ. ಹುಣಸೇಹಣ್ಣು ಹಾಕಿ ಉಜ್ಜಬಾರದು, ಬಟ್ಟೆ ಸೋಡಾ ಹಾಕಿಯೂ ಉಜ್ಜಬಾರದು. ಅಲ್ಯೂಮಿನಿಯಂ ಪಾತ್ರೆಯನ್ನು ಹುಳಿಯೂ ತಿನ್ನುತ್ತದೆ, ಸೋಡಾವೂ ತಿನ್ನುತ್ತದೆ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ನಾನು ಉಭಯಧರ್ಮಿ ಎಂಬ ಮಾತನ್ನು ಮೊದಲ ಸಲ ಓದಿದೆ. ಆಮ್ಲ ಎದುರಾದರೆ ಪ್ರತ್ಯಾಮ್ಲದಂತೆ, ಪ್ರತ್ಯಾಮ್ಲ ಎದುರಾದರೆ ಆಮ್ಲದಂತೆ ವರ್ತಿಸುವ ವಸ್ತುಗಳಿವೆ, ಅಲ್ಯೂಮಿನಿಯಂ ಆಕ್ಸೈಡ್ ಅಂಥದ್ದು, ಅಂತ ಅಲ್ಲಿತ್ತು. ಸಂಜೆ ಡೇರಿಗೆ ಓಡಿಹೋಗಿ ಅಪ್ಪನಿಗೆ ಓದಿ ಹೇಳಿದೆ. ಕ್ಯಾನಿನ ಮುಚ್ಚಳವನ್ನು ಮೂಗಿನ ಹತ್ತಿರ ಹಿಡಿದಿದ್ದ ಅಪ್ಪ ಅದನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

"ಅಂಗಾದ್ರೆ ನಾನು ಏಳ್ತಿದ್ದುದ್ದು ಸರಿ ಅನ್ನು ಮಗಾ" ಎಂದ.

ನಾನು ಕೆಮಿಸ್ಟ್ರಿ ಓದಿದ್ದು ಆ ಮಾತಿಗೆ. ಹಾಸನದಲ್ಲಿ ಎಂ.ಎಸ್ಸಿ. ಮುಗಿಸಿ ಈಗ ಹೊಳೆನರಸೀಪುರದ ಒಂದು ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಬೆಳಿಗ್ಗೆ ಎಂಟೂಕಾಲರ ಬಸ್ಸಿಗೆ ಹೋಗಿ ಸಂಜೆ ನಾಲ್ಕೂಮುಕ್ಕಾಲಕ್ಕೆ ಇಳಿಯುತ್ತೇನೆ. ಅಪ್ಪನ ಕೆಲಸ ನನಗೆ ಬೇಕಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದೆಲ್ಲ ಕೆಲಸಕ್ಕಾಗಿ ನಡೆದ ಜಗಳದಂತೆ ಕಾಣಬಹುದು. ಅಪ್ಪನೇ ಒಂದು ಸಲ, ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಮೆಷಿನ್ನಿನ ಅಂಕಿಗಳು ಕಾಣದಂತಾದಾಗ, ಬೆಳಿಗ್ಗೆ ಒಂದು ಹೊತ್ತು ನೀನು ಕೂರ್ತೀಯಾ ಎಂದು ಕೇಳಿದ್ದ. ನಾನು ಸಿಲಬಸ್ಸು ಮುಗಿದಿಲ್ಲ ಎಂದಿದ್ದೆ. ಅವನು ಮತ್ತೆ ಕೇಳಲಿಲ್ಲ. ಆ ಜಾಗ ಖಾಲಿಯಾಗಿ ನನಗಾಗಿ ಕಾಯುತ್ತಿರುತ್ತದೆ ಎಂದು ನಾನು ಯಾಕೆ ತಿಳಿದುಕೊಂಡೆನೋ ಗೊತ್ತಿಲ್ಲ.

ಅಲ್ಲಿ ಅತ್ತಿಗೆ ಹೋಗಿ ಕೂತಳು. ಅವಳು ಚನ್ನರಾಯಪಟ್ಟಣದ ಕಡೆಯವಳು, ನುಗ್ಗೇಹಳ್ಳಿಯಿಂದ ಇನ್ನೂ ಒಳಗೆ. ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು. ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟು ಮದುವೆಯಾಗಿ ಬಂದವಳು. ಅಣ್ಣ ಅರಕಲಗೂಡಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಮೊದಮೊದಲು ಅತ್ತಿಗೆ ಅಪ್ಪನ ಕೈ ಹಿಡಿದುಕೊಂಡು ಡೇರಿಗೆ ಬಿಟ್ಟುಬರಲು ಹೋದಳು. ಆಮೇಲೆ ಮೆಷಿನ್ನಿನ ಅಂಕಿ ಓದಿ ಹೇಳಲು ನಿಂತಳು. ಆಮೇಲೆ ಹಾಸನಕ್ಕೆ ಹೋಗಿ ಟೆಸ್ಟರ್ ಟ್ರೈನಿಂಗ್ ಮುಗಿಸಿ ಬಂದಳು. ಕಮಿಟಿಯವರು ಅವಳನ್ನು ಆರು ತಿಂಗಳ ಮಟ್ಟಿಗೆ ಎಂದು ತೆಗೆದುಕೊಂಡರು. ಅಷ್ಟರಲ್ಲಿ ಅಪ್ಪ ಮೇಜಿನ ಹಿಂದಿನಿಂದ ಎದ್ದು ಬಾಗಿಲ ಪಕ್ಕದ ಜಗಲಿಗೆ ಬಂದಿದ್ದ.

ನಮ್ಮ ಅವ್ವನ ಮಾತು ಚುರುಕು, ಹೊಸಬರಿಗೆ ಚುಚ್ಚುತ್ತದೆ. ಅಪ್ಪ ಮಾತೇ ಆಡದವನು. ನಾನು ಇಬ್ಬರ ನಡುವೆ ಇಪ್ಪತ್ತಾರು ವರ್ಷ ತಟಸ್ಥವಾಗಿದ್ದವಳು. ನೀರಿಗೆ ಹಾಕಿದರೂ ಬಣ್ಣ ಬಿಡದ ವಸ್ತುವಿನ ಹಾಗೆ. ಅತ್ತಿಗೆ ಬಂದ ಮೂರೇ ತಿಂಗಳಲ್ಲಿ ಅವ್ವನಿಗೆ ಸರಿಸಮ ಎದುರು ಮಾತಾಡಿ ಅವ್ವನನ್ನು ನಗಿಸಿದಳು. ಅಪ್ಪನ ಹತ್ತಿರ ಅರ್ಧ ಗಂಟೆ ಸುಮ್ಮನೆ ಕೂತಿರಬಲ್ಲವಳಾದಳು. ಎಲ್ಲರಿಗೂ ಹೊಂದುವವರಿಗೆ ತಮ್ಮದೆಂಬ ಗುಣವೇ ಇರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಷರಾ ಬರೆದುಕೊಂಡೆ. ಕ್ಲಾಸಿನಲ್ಲಿ ಮಕ್ಕಳಿಗೆ ಇದಕ್ಕೆ ಉಲ್ಟಾ ಹೇಳುತ್ತೇನೆ. ಉಭಯಧರ್ಮಿ ಬೇರೆ, ತಟಸ್ಥ ಬೇರೆ, ಒಂದು ಎರಡರ ಜೊತೆಗೂ ವರ್ತಿಸುತ್ತದೆ, ಇನ್ನೊಂದು ಯಾವುದರ ಜೊತೆಗೂ ಇಲ್ಲ, ಪರೀಕ್ಷೆಯಲ್ಲಿ ಬೆರೆಸಬೇಡಿ ಎಂದು.

ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ನೋಡುವ ಮೊದಲ ಪರೀಕ್ಷೆ ಮೂಗಿನದು. ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಅದರ ಒಳಭಾಗವನ್ನು ಮೂಸಬೇಕು. ಹಾಲು ಹುಳಿಗೆ ತಿರುಗುವ ಮುನ್ನವೇ ಆ ವಾಸನೆ ಮುಚ್ಚಳದಲ್ಲಿ ಕೂತಿರುತ್ತದೆ. ಅಪ್ಪನಿಗೆ ಅದು ಸಿದ್ಧಿಸಿತ್ತು. ನನಗೆ ಹಾಸನದ ಲ್ಯಾಬಿನ ನಾಲ್ಕೈದು ಸೆಮಿಸ್ಟರುಗಳಲ್ಲಿ ಮೂಗು ಕಟ್ಟಿಹೋಗಿದೆ, ಮಲ್ಲಿಗೆಯೂ ಸರಿಯಾಗಿ ತಿಳಿಯುವುದಿಲ್ಲ. ಒಂದು ದಿನ ಊಟ ಮಾಡುತ್ತಿದ್ದಾಗ ಅಪ್ಪ ಅವ್ವನಿಗೆ ಹೇಳಿದ:

"ನನ್ ಮೂಗು ಈ ಮಗೀಗೆ ಬಂದ್ಬುಡ್ತು ಕಣೇ. ಬೆಳಗ್ಗೆ ನಂಗೇ ಗೊತ್ತಾಗ್ನಿಲ್ಲ, ಇವ್ಳು ಇಡುದ್ಬುಟ್ಲು."

ಈ ಮಗು ಎಂದರೆ ಅತ್ತಿಗೆ. ನಡುವೆ ಸ್ವಲ್ಪ ಬಾಗಿದ ಅಪ್ಪನ ಮೂಗನ್ನು ಮುಖದ ಮೇಲೆ ಇಟ್ಟುಕೊಂಡು ನಾನು ಎದುರಿಗೇ ಕೂತಿದ್ದೆ. ಹುಟ್ಟಿದಾಗಿನಿಂದ ನೋಡಿದವರೆಲ್ಲ ಅಪ್ಪನ ಮೂಗು ಎಂದದ್ದು ನನ್ನ ಮೂಗನ್ನು. ಸಾರು ಸಾಕು ಎಂದು ಎದ್ದುಬಿಟ್ಟೆ. ಕೈ ತೊಳೆಯುವಾಗ, ಇವಳು ಒಂದು ಸಲವಾದರೂ ತಪ್ಪಲಿ ಎಂದು ಅನ್ನಿಸಿತು. ಅನ್ನಿಸಿತು ಎಂದು ಬರೆಯುವುದು ಸುಲಭ. ನಾನು ಅದನ್ನು ಬಯಸಿದೆ.

ಆರು ತಿಂಗಳು ಮುಗಿಯುವುದಕ್ಕೆ ಒಂದು ವಾರ ಇದ್ದಾಗ ನಮ್ಮೂರ ಹಾಲಿಗೆ ದೂರು ಬಂತು. ಹಾಲು ತಂಪು ಮಾಡುವ ಕೇಂದ್ರದಲ್ಲಿ ಒಂದು ಕ್ಯಾನಿನಲ್ಲಿ ಸೋಡಾ ಸಿಕ್ಕಿತ್ತು. ಹುಳಿಯಾಗತೊಡಗಿದ ಹಾಲಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹುಳಿ ಅಡಗುತ್ತದೆ, ವಾಸನೆಯೂ ತಗ್ಗುತ್ತದೆ. ಯಾರೋ ಹಾಗೆ ಮಾಡಿದ್ದರು, ಅತ್ತಿಗೆಯ ಮೂಗಿಗೆ ಅದು ಸಿಕ್ಕಿರಲಿಲ್ಲ. ಡೇರಿಯ ಅಧ್ಯಕ್ಷರು ಮನೆಗೇ ಬಂದು, ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಶನಿವಾರ ಸಂಜೆ ಕಮಿಟಿ ಸೇರುತ್ತದೆ, ಅಷ್ಟರೊಳಗೆ ಇನ್ನೊಂದು ಸಲ ಹೀಗಾದರೆ ಆ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ, ಆಗದಿದ್ದರೆ ಇವಳನ್ನೇ ಕಾಯಂ ಮಾಡುತ್ತೇವೆ ಎಂದು ಹೇಳಿ ಹೋದರು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆ ಸಂಜೆ ಅವಳು ಒಂದೊಂದು ಮುಚ್ಚಳವನ್ನೂ ಎರಡೆರಡು ಸಲ ಮೂಸಿದಳಂತೆ. ನಮ್ಮ ಹಸುವಿನ ಹಾಲು ಹಾಕಲು ಹೋಗಿದ್ದ ಅವ್ವ ಬಂದು ಹೇಳಿದಳು.

ಅದು ಬುಧವಾರ. ಸೋಮವಾರವಷ್ಟೇ ನಾನು ಕ್ಲಾಸಿನಲ್ಲಿ ಸತುವಿನ ಪ್ರಯೋಗ ಮಾಡಿ ತೋರಿಸಿದ್ದೆ. ಸತುವಿನ ಲವಣದ ದ್ರಾವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿಯಾಗಿ ಹಾಕಿದರೆ ಮೊದಲು ಗಂಜಿಯಂಥ ಬಿಳಿ ಗಸಿ ಕೂರುತ್ತದೆ. ಆ ಗಸಿಯನ್ನು ಎರಡು ಪ್ರನಾಳಗಳಿಗೆ ಹಂಚಿ, ಒಂದಕ್ಕೆ ಆಮ್ಲ, ಇನ್ನೊಂದಕ್ಕೆ ಮತ್ತಷ್ಟು ಕ್ಷಾರ ಹಾಕಿದರೆ ಎರಡರಲ್ಲೂ ಕರಗಿ ತಿಳಿಯಾಗುತ್ತದೆ. ಎರಡರಲ್ಲೂ ಹಾಕಿ ನೋಡದೆ ಉಭಯಧರ್ಮಿ ಎಂದು ಹೇಳುವಂತಿಲ್ಲ, ಒಂದೇ ಪರೀಕ್ಷೆ ನಿಮ್ಮನ್ನು ದಾರಿ ತಪ್ಪಿಸುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದೆ. ಆ ದಿನ ಬಳಸಿದ ಕೆಂಪು ಲಿಟ್ಮಸ್ ಕಾಗದದ ಸಣ್ಣ ಪುಸ್ತಕ ಬ್ಯಾಗಿನ ಪಕ್ಕದ ಜೇಬಿನಲ್ಲೇ ಉಳಿದಿತ್ತು. ನೀಲಿಯದನ್ನು ಲ್ಯಾಬಿನ ಡ್ರಾಯರಿಗೆ ಹಾಕಿ ಬಂದಿದ್ದೆ.

ಗುರುವಾರ ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಡೇರಿಗೆ ಹೋದೆ. ಸಾಲು ಬಾಗಿಲಿನಿಂದ ಹೊರಗೂ ಇತ್ತು. ಅಪ್ಪ ಜಗಲಿಯ ಮೇಲಿದ್ದ. ಮೇಜಿನ ಮುಂದೆ ಮೂಲೆಮನೆಯ ಅಜ್ಜಿ ತನ್ನ ಸ್ಟೀಲಿನ ಕ್ಯಾನು ಇಟ್ಟು ನಿಂತಿತ್ತು. ಗಂಡ ಇಲ್ಲ, ಒಂದು ಹಸು, ಬೀದಿಯ ಕೊನೆಯ ಮನೆ. ಅತ್ತಿಗೆ ಮುಚ್ಚಳ ಮೂಸಿ, ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಸರಿಯಿದೆ ಎಂದು ಹಾಲನ್ನು ಅಳತೆಗೆ ಬಗ್ಗಿಸಲು ಹೋದಳು. ನಾನು ತಡಿ ಎಂದೆ. ಬ್ಯಾಗಿನಿಂದ ಲಿಟ್ಮಸ್ ಪುಸ್ತಕ ತೆಗೆದು ಒಂದು ಎಲೆ ಕಿತ್ತು ಹಾಲಿಗೆ ಅದ್ದಿದೆ. ಯಾಕೆ ಆ ಕ್ಯಾನನ್ನೇ ಆರಿಸಿಕೊಂಡೆ ಎಂದರೆ ಅದು ಎದುರಿಗಿತ್ತು, ಅಷ್ಟೇ. ಕಾಗದ ಒಂದು ಕ್ಷಣ ಹಾಗೇ ಇದ್ದು, ಅಂಚಿನಿಂದ ತೆಳುವಾಗಿ ನೀಲಿಗೆ ತಿರುಗಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಸಂತೋಷಕ್ಕೆ ಎಂದು ಈಗ ಗೊತ್ತು.

ಇದರಲ್ಲಿ ಸೋಡಾ ಇದೆ ಎಂದೆ. ಸಾಲಿನಲ್ಲಿದ್ದವರೆಲ್ಲ ಕಾಗದದ ಕಡೆ ಬಗ್ಗಿದರು.

"ಸೋಡಾ ನನ್ಗೆಲ್ಲಿಂದ ಬರ್ಬೇಕವ್ವಾ" ಎಂದಿತು ಅಜ್ಜಿ. "ಅಂಗ್ಡಿ ಕಡೆ ಓಗಿ ಎಂಟ್ ದಿನ ಆಯ್ತು ನಾನು."

ಅತ್ತಿಗೆ ಮತ್ತೊಮ್ಮೆ ಮುಚ್ಚಳ ಮೂಸಿದಳು. ಹಾಲು ಸರಿಯಾಗಿಯೇ ಇದೆಯಲ್ಲ ಎಂದು ಮೆಲ್ಲಗೆ ಹೇಳಿದಳು. ದೂರು ಬಂದ ಆ ಹಾಲೂ ನಿನ್ನ ಮೂಗಿಗೆ ಸರಿಯಾಗಿಯೇ ಇತ್ತಲ್ಲ ಎಂದೆ ನಾನು. ಇಷ್ಟು ಜನರ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಕ್ಲಾಸು ಬಿಟ್ಟರೆ ಅದೇ ಮೊದಲು. ಅವಳ ಮುಖ ಕೆಂಪಾಯಿತು. ಅವಳು ಅಪ್ಪನನ್ನು ನೋಡಿದಳು, ನಾನೂ ಅಪ್ಪನನ್ನು ನೋಡಿದೆ. ಅಪ್ಪ ನೀಲಿಯಾದ ಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದು ಬೆಳಕಿಗೆ ಹಿಡಿದು ನೋಡಿದ.

"ಓದ್ಕೊಂಡಿರೋ ಮಗ್ಳು ಏಳ್ತಾ ಅವ್ಳೆ" ಎಂದ. "ಪಕ್ಕುಕ್ಕಿಡು ತಾಯಿ ಅದ್ನ."

ಅತ್ತಿಗೆ ಕ್ಯಾನನ್ನು ಪಕ್ಕಕ್ಕಿಟ್ಟಳು. ಡೇರಿಯ ಕಾರ್ಯದರ್ಶಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಅಜ್ಜಿ ತನ್ನ ಕ್ಯಾನನ್ನು ಸೊಂಟಕ್ಕೇರಿಸಿಕೊಂಡು ಹೊರಟಿತು. ನಾನು ಲಿಟ್ಮಸ್ ಪುಸ್ತಕವನ್ನು ಆ ಹಳೆಯ ಕಲೆಯ ಮೇಲೆ, ಅತ್ತಿಗೆಯ ಮೊಬೈಲನ್ನು ಆಚೆ ಸರಿಸಿ ಇಟ್ಟೆ. ಇನ್ನು ಮೇಲೆ ಇದನ್ನು ಬಳಸು ಎಂದು ಹೇಳಿ ಮನೆಗೆ ಬಂದೆ. ಅಪ್ಪ ಊಟಕ್ಕೆ ಕೂತಾಗ ನನ್ನ ಪಕ್ಕಕ್ಕೆ ಬಂದು ಕೂತ. ಆ ಕಾಗದ ಎಲ್ಲಿ ಸಿಗುತ್ತದೆ, ಎಷ್ಟು ದಿನ ಇಟ್ಟರೆ ಕೆಡುವುದಿಲ್ಲ ಎಂದೆಲ್ಲ ಕೇಳಿದ. ಹತ್ತನೇ ಕ್ಲಾಸಿನ ಆ ಸಂಜೆಯ ನಂತರ ಅಪ್ಪ ನನ್ನ ವಿದ್ಯೆಯ ಬಗ್ಗೆ ಇಷ್ಟು ಕೇಳಿದ್ದಿಲ್ಲ. ಎಲ್ಲದಕ್ಕೂ ವಿವರವಾಗಿ ಉತ್ತರ ಹೇಳಿದೆ. ಅತ್ತಿಗೆ ಬಡಿಸಿದಳು, ನಾನು ಅವಳ ಮುಖ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹೊಂಗೆ ಮರದ ಕೆಳಗೆ ನಿಂತಿದ್ದಾಗ ಅತ್ತಿಗೆ ಡೇರಿಯ ಕಡೆಯಿಂದ ಬೇಗ ಬೇಗ ನಡೆದು ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಲಿಟ್ಮಸ್ ಪುಸ್ತಕವನ್ನು ನನ್ನ ಮುಂದೆ ಹಿಡಿದಳು. ಅದರಲ್ಲಿ ಬರೀ ರಟ್ಟು ಉಳಿದಿತ್ತು.

"ಕಾಲಿಯಾಗೋಯ್ತು ಮೇಡಂ" ಎಂದಳು. ಮೇಡಂ ಎಂದು ಅವಳು ನನ್ನನ್ನು ರೇಗಿಸಲು ಕರೆಯುವುದು. ಆ ದಿನ ರೇಗಿಸುವ ಧ್ವನಿ ಇರಲಿಲ್ಲ.

"ಎಲ್ಲಾನೂ ಒಂದೇ ದಿನಕ್ಕೆ?"

"ಬಂದ ಕ್ಯಾನ್ಗೆಲ್ಲಾ ಅದ್ದಿದೆ ಕಣೇ. ನಲ್ವತ್ತು ಕ್ಯಾನು. ಎಲ್ಲಾ ನೀಲಿ."

ನಾನು ಆ ಖಾಲಿ ರಟ್ಟನ್ನು ಕೈಗೆ ತೆಗೆದುಕೊಂಡೆ.

"ಕೊನೇಗೆ ನಮ್ಮನೆ ಕ್ಯಾನ್ಗೂ ಅದ್ದಿದೆ. ಅತ್ತೆ ಕರಿಯೋವಾಗ ನಾನೇ ಮುಂದ್ಗಡೆ ನಿಂತಿದ್ದೆ, ಕೆಚ್ಲಿಂದ ಕ್ಯಾನ್ಗೇ ಬಂದಿದ್ ಆಲು. ಅದೂ ನೀಲಿ. ಊರಲ್ಲಿರೋ ಅಸ ಎಲ್ಲಾ ಸೋಡಾ ಕುಡೀತಾವಾ?"

ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳು ಇನ್ನೂ ಹತ್ತಿರ ಬಂದು, ನೀಲಿ ಬಣ್ಣದ್ದು ಕೆಂಪಾಗುವ ಕಾಗದವೂ ಇರುತ್ತದಂತಲ್ಲ, ಟ್ರೈನಿಂಗಿನಲ್ಲಿ ಹೇಳಿದ್ದ ನೆನಪು, ಅದು ನಿಮ್ಮ ಕಾಲೇಜಿನಲ್ಲಿದ್ದರೆ ಒಂದು ತಂದುಕೊಡು, ಅದರಲ್ಲೂ ನೋಡೋಣ ಎಂದಳು. ಯಾರಿಗೂ ಹೇಳಿಲ್ಲ ಎಂದೂ ಸೇರಿಸಿದಳು. ಅಜ್ಜಿಯ ಬೆಳಗಿನ ಹಾಲನ್ನು ತೆಗೆದುಕೊಂಡಿದ್ದಳು. ಬೈಯುವುದಿದ್ದರೆ ಅವಳು ಆಗಲೇ ಬೈಯಬಹುದಿತ್ತು. ನಾನು ಬಸ್ಸು ಹತ್ತಿದೆ.

ಕಿಟಕಿಯ ಪಕ್ಕ ಕೂತಾಗ ಮೊದಲು ಬಂದದ್ದು ನಾಚಿಕೆಯಲ್ಲ. ನಾಚಿಕೆ ಹೊಳೆ ದಾಟುವ ಹೊತ್ತಿಗೆ ಬಂತು. ಮೊದಲು ಬಂದದ್ದು ಅದೇ ಹಳೆಯ ಉರಿ, ಅದೂ ಹಿಂದೆಂದೂ ಇಲ್ಲದಷ್ಟು. ಕುರ್ಚಿಗಾಗಿ, ಅಪ್ಪನ ಮಾತಿಗಾಗಿ ಪಟ್ಟ ಹೊಟ್ಟೆಕಿಚ್ಚು ಇದರ ಮುಂದೆ ಏನೂ ಅಲ್ಲ. ಅನುಮಾನವಿರುವ ಮಾದರಿಯ ಜೊತೆ ಅನುಮಾನವಿಲ್ಲದ ಒಂದು ಮಾದರಿಯನ್ನೂ ಇಟ್ಟು ಪರೀಕ್ಷಿಸಬೇಕು ಎನ್ನುವುದು ನನ್ನ ವಿದ್ಯೆಯ ಮೊದಲ ಪಾಠ. ಎಂ.ಎಸ್ಸಿ. ಮಾಡಿದ ನಾನು ಅದನ್ನು ಮಾಡಲಿಲ್ಲ. ಬಿ.ಎ. ಬಿಟ್ಟ ಅವಳಿಗೆ, ಯಾರೂ ಹೇಳಿಕೊಡದೆ, ಹಸುವಿನ ಮುಂದೆ ಹೋಗಿ ನಿಲ್ಲಬೇಕು ಎಂದು ಹೊಳೆದಿತ್ತು. ಆಮೇಲೆ ಇನ್ನೊಂದು ಬಣ್ಣದಲ್ಲೂ ನೋಡಬೇಕು ಎಂದೂ ಹೊಳೆದಿತ್ತು. ಸೋಮವಾರ ನಾನು ಗೆರೆ ಎಳೆದ ವಾಕ್ಯವನ್ನು ಅವಳು ಕೇಳಿರಲಿಲ್ಲ.

ಕಾಲೇಜಿನಲ್ಲಿ ಮಧ್ಯಾಹ್ನ ಲ್ಯಾಬಿನ ಬಾಗಿಲು ಹಾಕಿಕೊಂಡು, ಕ್ಯಾಂಟೀನಿನಿಂದ ಅರ್ಧ ಲೋಟ ಹಸಿ ಹಾಲು ತರಿಸಿ ಎರಡೂ ಕಾಗದ ಅದ್ದಿದೆ. ಕೆಂಪು ತೆಳುವಾಗಿ ನೀಲಿಯಾಯಿತು. ನೀಲಿ ತೆಳುವಾಗಿ ಕೆಂಪಾಯಿತು. ಸಂಜೆ ಮನೆಗೆ ಬಂದು ಮಂಚದ ಕೆಳಗಿನ ಟ್ರಂಕು ಎಳೆದು ಎಂ.ಎಸ್ಸಿ. ನೋಟ್ಸು ತೆಗೆದೆ. ಎರಡನೇ ಸೆಮಿಸ್ಟರಿನ ಹಸಿರು ರಟ್ಟಿನ ಪುಸ್ತಕದಲ್ಲಿ, ನನ್ನದೇ ಸಣ್ಣ ಅಕ್ಷರಗಳಲ್ಲಿ ಇತ್ತು: ಹಾಲಿನ ಪ್ರೋಟೀನಿನಲ್ಲಿ ಆಮ್ಲದ ತುದಿಯೂ ಇದೆ, ಪ್ರತ್ಯಾಮ್ಲದ ತುದಿಯೂ ಇದೆ. ತಾಜಾ ಹಾಲು ಎರಡೂ ಲಿಟ್ಮಸ್‌ಗಳ ಬಣ್ಣ ಬದಲಿಸಬಹುದು. ಪಾಠ ಮಾಡುತ್ತಿದ್ದ ಮೇಷ್ಟ್ರು ನಗುತ್ತಾ ಹೇಳಿದ್ದ ಮಾತು ಅದು. ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕಿ, ಅಪ್ಪನಿಗೆ ಹೇಳಬೇಕು ಎಂದು ಬರೆದುಕೊಂಡಿದ್ದೆ. ಹೇಳಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಗುರುವಾರದ ಹಾಲನ್ನು ಯಾರೂ ಮತ್ತೆ ಪರೀಕ್ಷಿಸುವಂತಿರಲಿಲ್ಲ, ಕಾರ್ಯದರ್ಶಿಯ ಪುಸ್ತಕದಲ್ಲಿ ಸೋಡಾ ಎಂದು ಬರೆದಾಗಿತ್ತು, ಶನಿವಾರ ಕಮಿಟಿಯವರು ಅದನ್ನು ಓದುತ್ತಿದ್ದರು, ಅತ್ತಿಗೆ ಮೇಜಿನ ಹಿಂದಿನಿಂದ ಏಳುತ್ತಿದ್ದಳು. ಅವಳು ನಲವತ್ತು ಕ್ಯಾನಿನ ಕಥೆ ಹೇಳಿದರೂ ಅವರು ನನ್ನ ಕಡೆ ತಿರುಗಿ ಕೇಳುತ್ತಿದ್ದರು. ಈ ಲೆಕ್ಕವನ್ನು ನಾನು ಪೂರ್ತಿ ಹಾಕಿದ್ದೆ. ಕಾಲೇಜಿನಿಂದ ಎರಡೂ ಬಣ್ಣದ ಪುಸ್ತಕ ತಂದಿದ್ದೆ, ಆದರೂ ನೀಲಿಯದನ್ನು ಶುಕ್ರವಾರ ಸಂಜೆ ಅವಳಿಗೆ ಕೊಡಲಿಲ್ಲ. ಕಾಗದ ತಂದ್ಯಾ ಎಂದು ಅವಳು ಒಂದೇ ಸಲ ಕೇಳಿದಳು. ನಾಳೆ ಎಂದೆ.

ಶನಿವಾರ ಸಂಜೆ ಹಾಲು ಹಾಕುವವರೆಲ್ಲ ಹೋದ ಮೇಲೆ ಕಮಿಟಿಯವರು ಡೇರಿಯೊಳಗೇ ಕುರ್ಚಿ ಹಾಕಿಕೊಂಡು ಕೂತರು. ನಾನು ಹೊರಗೆ ಜಗಲಿಯ ಹತ್ತಿರ, ಅಪ್ಪನ ಪಕ್ಕ ನಿಂತಿದ್ದೆ. ಕಾರ್ಯದರ್ಶಿ ಪುಸ್ತಕ ತೆರೆದರು. ಅತ್ತಿಗೆ ಮೇಜಿನ ಹಿಂದೆ ನಿಂತು, ಆಗಲೇ ಒರೆಸಿದ್ದ ಕಲ್ಲನ್ನು ಮತ್ತೆ ಒರೆಸುತ್ತಿದ್ದಳು. ಅಷ್ಟರಲ್ಲಿ ಮೂಲೆಮನೆಯ ಅಜ್ಜಿ ಒಂದು ಮಣ್ಣಿನ ಕುಡಿಕೆ ಹಿಡಿದುಕೊಂಡು ಬಾಗಿಲಿಗೆ ಬಂತು. ಯಾರೂ ಕರೆದಿರಲಿಲ್ಲ. ಕುಡಿಕೆಯನ್ನು ಅಧ್ಯಕ್ಷರ ಕಾಲ ಬಳಿ ಇಟ್ಟು ಬಟ್ಟೆ ತೆಗೆಯಿತು.

"ಅವತ್ತಿನ್ ಆಲು. ಎಪ್ಪಾಕಿದ್ದೆ. ನೋಡಪ್ಪಾ, ಎಂಗೈತೆ ಅಂತ. ಸೋಡಾ ಬಿದ್ದಿದ್ ಆಲು ಇಂಗ್ ಕಟ್ತದಾ ನೀನೇ ಏಳು."

ಕುಡಿಕೆಯನ್ನು ಅಜ್ಜಿ ಹಾಗೇ ಓರೆ ಮಾಡಿ ತೋರಿಸಿತು. ಮೊಸರು ಅಲುಗಲಿಲ್ಲ. ಒಬ್ಬರು ನಕ್ಕರು. ಅಧ್ಯಕ್ಷರು ನನ್ನ ಕಡೆ ನೋಡಿದರು, ಇದಕ್ಕೆ ಏನು ಹೇಳುತ್ತೀರಿ ಎನ್ನುವಂತೆ. ಅಜ್ಜಿಯ ಹತ್ತಿರವೂ ಒಂದು ಪರೀಕ್ಷೆ ಇತ್ತು, ಅದೂ ನನ್ನದಕ್ಕಿಂತ ಸರಿಯಾದದ್ದು.

ನಾನು ಒಳಗೆ ಹೋಗಿ ಎರಡು ಲಿಟ್ಮಸ್ ಪುಸ್ತಕಗಳನ್ನೂ ಮೇಜಿನ ಮೇಲಿಟ್ಟೆ. ನಮ್ಮ ಮನೆಯ ಹಾಲು ಒಂದು ಲೋಟದಲ್ಲಿ ತಂದಿದ್ದೆ. ಕೆಂಪು ಅದ್ದಿದೆ, ನೀಲಿ ಅದ್ದಿದೆ, ಎರಡನ್ನೂ ಆ ಬಿಳಿ ಕಲೆಯ ಮೇಲೆ ಪಕ್ಕಪಕ್ಕ ಇಟ್ಟೆ. ಹಾಲಿನ ಸ್ವಭಾವವೇ ಇದು, ಎರಡರ ಜೊತೆಗೂ ವರ್ತಿಸುತ್ತದೆ, ಒಂದೇ ಕಾಗದ ಅದ್ದಿ ಸೋಡಾ ಎಂದು ಹೇಳಲು ಬರುವುದಿಲ್ಲ, ಸೋಡಾ ಗೊತ್ತಾಗಲು ಬೇರೆ ಪರೀಕ್ಷೆ ಇದೆ, ಗುರುವಾರ ನಾನು ಹೇಳಿದ್ದು ತಪ್ಪು, ಅಜ್ಜಿಯ ಹಾಲು ಸರಿಯಾಗಿತ್ತು, ಟೆಸ್ಟರ್ ಹೇಳಿದ್ದು ಸರಿಯಾಗಿತ್ತು ಎಂದೆ. ಅತ್ತಿಗೆಯನ್ನು ಟೆಸ್ಟರ್ ಎಂದು ನಾನು ಕರೆದದ್ದು ಅದೇ ಮೊದಲು.

"ಅಲ್ಲಾ ಮೇಡಂ, ಎಮ್ಮೆಸ್ಸಿ ಮಾಡಿರೋರೇ ಇಂಗಂದ್ರೆ ನಾವ್ ಯಾರ್ ಮಾತ್ ನಂಬನ?" ಎಂದರು ಅಧ್ಯಕ್ಷರು. ಕೋಪದಿಂದಲ್ಲ, ನಿಜವಾಗಿ ತಿಳಿಯಬೇಕೆನ್ನುವಂತೆ.

ಅಪ್ಪ ಜಗಲಿಯಿಂದ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಬಂದಿದ್ದ. ಎರಡೂ ಕಾಗದಗಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದು ನೋಡಿದ. ನೋಡಿ, ಇದ್ದ ಹಾಗೇ ಕಲೆಯ ಮೇಲೆ ಇಟ್ಟ.

"ಇದು ನಿಂಗೆ ಮೊದ್ಲೇ ಗೊತ್ತಿತ್ತಾ ಮಗಾ?"

ಇಲ್ಲ ಎನ್ನಬಹುದಿತ್ತು. ಮರೆತಿದ್ದೆ ಎಂದರೂ ನಡೆಯುತ್ತಿತ್ತು, ಅದರಲ್ಲಿ ಅರ್ಧ ನಿಜವೂ ಇತ್ತು.

"ಗೊತ್ತಿತ್ತಪ್ಪ" ಎಂದೆ.

ಅಪ್ಪ ತಲೆ ಆಡಿಸಿದ. ಆಮೇಲೆ ನನ್ನ ಕಡೆ ನೋಡದೆ ಅಧ್ಯಕ್ಷರಿಗೆ ಹೇಳಿದ:

"ಈ ಮಗು ನಲ್ವತ್ತು ಕ್ಯಾನ್ಗೂ ಅದ್ದಿ ನೋಡವ್ಳಂತೆ, ಈ ಸಂಜೆ ನಂಗೇಳಿದ್ಲು. ನಾನಾಗಿದ್ರೆ ನೋಡ್ತಿರ್ನಿಲ್ಲ. ನನ್ ಮಗ್ಳು ಏಳಿದ್ಲಲ್ಲ ಅಂತ ಸುಮ್ಕಾಗ್ತಿದ್ದೆ. ಅವತ್ತೂ ಸುಮ್ಕಾದೆ."

ಅತ್ತಿಗೆಯ ಕೆಲಸ ಕಾಯಂ ಆಯಿತು. ಕಾರ್ಯದರ್ಶಿ ಗುರುವಾರದ ಸಾಲಿನ ಮೇಲೆ ಗೆರೆ ಎಳೆದರು. ಮೊದಲನೇ ಸಲದ ಸೋಡಾ ಯಾರು ಹಾಕಿದ್ದೆಂದು ಇವತ್ತಿಗೂ ಗೊತ್ತಾಗಿಲ್ಲ. ಅಜ್ಜಿ ತನ್ನ ಕುಡಿಕೆಯನ್ನು ಎತ್ತಿಕೊಂಡು, ಹೋಗುವಾಗ ನನ್ನ ಮುಂದೆ ನಿಂತು, ಒಂದು ಲೋಟ ಇದ್ದರೆ ತಾ, ನಿನಗೂ ಒಸಿ ಹಾಕಿಕೊಡುತ್ತೇನೆ, ಹಾಳಾಗುವ ಮುಂಚೆ ತಿನ್ನಬೇಕಲ್ಲ ಎಂದಿತು. ಹಾಲಿನ ಲೋಟವನ್ನೇ ಖಾಲಿ ಮಾಡಿ ಹಿಡಿದೆ. ಮೊಸರು ಹುಳಿಯಾಗಿತ್ತು, ಎರಡು ದಿನದ್ದಲ್ಲವೇ. ಅಜ್ಜಿಯ ಮುಂದೆ ನಿಂತೇ ಪೂರ್ತಿ ತಿಂದೆ.

ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಅತ್ತಿಗೆಯ ಕೈ ಹಿಡಿದು ಮುಂದೆ ನಡೆದ. ನಾನು ಹತ್ತು ಹೆಜ್ಜೆ ಹಿಂದಿದ್ದೆ. ಅಣ್ಣನ ಬೈಕು ಎದುರಿಗೆ ಬಂದಾಗ ಅಪ್ಪ ಅದರ ಮೇಲೆ ಕೂತು ಹೋದ, ಅತ್ತಿಗೆ ನನಗಾಗಿ ನಿಂತಳು. ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ. ಎರಡರ ಜೊತೆಗೂ ಹೇಗೆ ಸಾಧ್ಯ? ನಾನು ತುದಿಗಳ ವಿಷಯ ಹೇಳಿದೆ. ಒಂದು ತುದಿ ಕೊಡುತ್ತದೆ, ಒಂದು ತುದಿ ತೆಗೆದುಕೊಳ್ಳುತ್ತದೆ. ಎದುರಿಗೆ ಯಾರಿದ್ದಾರೆ ಎನ್ನುವುದರ ಮೇಲೆ ಯಾವ ತುದಿ ಕೆಲಸ ಮಾಡುತ್ತದೆ ಎನ್ನುವುದು ನಿಂತಿರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಎರಡು ಪೀರಿಯಡ್ಡು ಬೇಕಾಗುವ ವಿಷಯ. ಅವಳು ನಾಲ್ಕು ಮನೆ ದಾಟುವಷ್ಟರಲ್ಲಿ ಹಿಡಿದುಬಿಟ್ಟಳು.

"ಅಂಗಾದ್ರೆ ಎಪ್ಪಾಕ್ದಾಗ ಉಳಿ ಜಾಸ್ತಿಯಾಗಿ ಈ ತುದಿಗೋಳು ಏನೋ ಮಾಡ್ಕೋತವೆ, ಅದುಕ್ಕೇ ಮೊಸ್ರು ಕಟ್ಕೊಳ್ಳೋದು. ಅಲ್ವಾ?"

ಹೌದು ಎಂದೆ. ಅದು ನನಗೆ ಎಂ.ಎಸ್ಸಿ.ಗೆ ಬರುವವರೆಗೂ ಹೊಳೆದಿರಲಿಲ್ಲ.

ಮನೆಯ ಗೇಟಿನ ಹತ್ತಿರ ಅವಳು, ನೀನು ಓದಿದ ಪುಸ್ತಕಗಳಿದ್ದರೆ ಕೊಡು, ಮಧ್ಯಾಹ್ನ ಹೊತ್ತು ಹೋಗುವುದಿಲ್ಲ ಎಂದಳು. ನಾನು ಟ್ರಂಕು ತೆರೆದು ಪಿಯುಸಿಯ ಎರಡು ಪುಸ್ತಕಗಳನ್ನು ತೆಗೆದು ಧೂಳು ಒರೆಸಿ ಕೊಟ್ಟೆ. ಹಸಿರು ರಟ್ಟಿನ ನೋಟ್ಸು ಮೇಲೆಯೇ ಇತ್ತು. ಅವಳು ಅದನ್ನು ನೋಡಿ, ಅದೇನು ಎಂದು ಕೇಳಿದಳು. ಇಂಗ್ಲಿಷಿನಲ್ಲಿದೆ, ನಿನಗೆ ಕಷ್ಟ ಎಂದೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಕನ್ನಡದಲ್ಲಿ ಬರೆದುಕೊಂಡದ್ದು.

ಪಿಯುಸಿಯ ಎರಡು ಪುಸ್ತಕಗಳನ್ನೂ ಅವಳು ಮುಗಿಸಿದ್ದಾಳೆ. ಅಲ್ಲಲ್ಲಿ ಪೆನ್ಸಿಲಿನಲ್ಲಿ ಪ್ರಶ್ನೆ ಬರೆದಿಟ್ಟು ನಾನು ಬಸ್ಸಿಳಿಯುವುದನ್ನೇ ಕಾಯುತ್ತಿರುತ್ತಾಳೆ. ಅಪ್ಪ ಅವಳ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಾನೆ. ಆ ಹೊತ್ತು ನನಗೂ ಇಷ್ಟವೇ. ಟ್ರಂಕಿನ ಬೀಗದ ಕೈ ಮಾತ್ರ ಕಾಲೇಜಿನ ಬ್ಯಾಗಿನಲ್ಲಿ, ಹಿಂದೆ ಕೆಂಪು ಲಿಟ್ಮಸ್ ಇಟ್ಟಿದ್ದ ಜೇಬಿನಲ್ಲಿದೆ. ಮೊದಲು ನಾನು ಆ ಟ್ರಂಕಿಗೆ ಬೀಗ ಹಾಕುತ್ತಿರಲಿಲ್ಲ.